ಮೂಲ್ಯಾಗ ಕುಂತ ಆಯಿ

"ಎಲ್ಲಾರೂ ಬರೂ ಹಂಗ ಒಂದ ಫೋಟೋ ತಗೀಬೇಕವಾ, ಮನಿ ಬಿಚ್ಚೂಕಿಂತ ಮದಲ."

ಅಪ್ಪ ಫೋನಿನಲ್ಲಿ ಇಷ್ಟು ಹೇಳಿ ತಕ್ಷಣ ಕಡ್ಲಿ ಬೆಳಿ ಮಾತಿಗೆ ಹೊರಳಿಬಿಟ್ಟ. ನಾನು ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ ಚಹಾ ಹಿಡಿದು ನಿಂತಿದ್ದೆ. ಮೂವರು ಅಣ್ಣತಮ್ಮಂದಿರ ನಡುವೆ ಪಾಲಾಗೋದು ಮೊದಲೇ ಗೊತ್ತಿತ್ತು. ಯುಗಾದಿ ಆದಮೇಲೆ ಮನೆಯನ್ನೇ ಬಿಚ್ಚುತ್ತಾರೆ ಅನ್ನೋದು ಗೊತ್ತಾಗಿದ್ದು ಅವತ್ತೇ.

ನಮ್ಮೂರು ಗದಗ ಹತ್ತಿರದ ಕಳಸಾಪುರ. ನಮ್ಮದು ಹಳೇ ಮಾಳಿಗಿ ಮನೆ. ಕಲ್ಲು-ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ತೊಲಿ, ಜಂತಿ, ಅದರ ಮೇಲೆ ಮಣ್ಣು. ಬೆಳಕು ಬರೋದು ಮಾಳಿಗಿಯ ಬೆಳಕಿಂಡಿಯಿಂದ. ಪಡಸಾಲಿ ಇಪ್ಪತ್ತಡಿ ಅಗಲ. ಅದರ ಎದುರಿಗೆ ದನ ಕಟ್ಟೋ ಜಾಗ, ಆಚೆ ಗ್ವಾದಲಿ. ಗ್ವಾದಲಿಗೆ ಬೆನ್ನು ಹಚ್ಚಿ ನಿಂತರೂ ಪಡಸಾಲಿಗೂ ನಮಗೂ ನಡುವೆ ಹತ್ತೇ ಅಡಿ. ಮನೆ ಮಂದಿ ಇಪ್ಪತ್ಮೂರು. ಲೆಕ್ಕ ಎಲ್ಲಿಂದ ಹಿಡಿಸಬೇಕು?

ನನ್ನ ಹತ್ತಿರ ಒಂದು ಹಳೆ ಕ್ಯಾನನ್ ಡಿಎಸ್‌ಎಲ್‌ಆರ್ ಇತ್ತು, ಜೊತೆಗೆ ಬಂದ 18-55 ಲೆನ್ಸ್ ಇತ್ತು. ಹತ್ತಡಿ ದೂರದಿಂದ 18 ಎಂಎಂನಲ್ಲಿ ಹಿಡಿಯೋದು ಹನ್ನೆರಡು ಅಡಿ ಅಗಲ ಅಷ್ಟೇ. ಉಳಿದ ಎಂಟು ಅಡಿಯಲ್ಲಿ ಕೂತ ಮಂದಿ ಫೋಟೋದಿಂದ ಹೊರಗೆ. ಅದೇ ಜಾಗದಿಂದ 10 ಎಂಎಂನಲ್ಲಿ ತೆಗೆದರೆ ಇಪ್ಪತ್ತೆರಡು ಅಡಿ ಸಿಗುತ್ತದೆ. ಹೆಸರಿಗೆ ಎಂಟೇ ಮಿಲಿಮೀಟರ್ ವ್ಯತ್ಯಾಸ, ಆದರೆ ಅದರಲ್ಲಿ ಅರ್ಧ ಸಂಸಾರ ಇತ್ತು.

ಹಾಗಾಗಿ ಕ್ಯಾನನ್ ಇಎಫ್-ಎಸ್ 10-18 ಎಂಎಂ ವೈಡ್ ಜೂಮ್ ಹುಡುಕಿದೆ. 2014ರಲ್ಲಿ ಬಂದ ಲೆನ್ಸ್, ಸಣ್ಣ ಸೆನ್ಸರ್ ಇರೋ ಕ್ಯಾಮೆರಾಗಳಿಗೆ ಅಂತ ಮಾಡಿದ್ದು. ಫುಲ್‌ಫ್ರೇಮ್ ಲೆಕ್ಕದಲ್ಲಿ 16ರಿಂದ 29 ಎಂಎಂ ಇದ್ದಂತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಹನ್ನೊಂದು ಸಾವಿರಕ್ಕೆ ಸಿಕ್ಕಿತು. ಹಳೇ ಲೆನ್ಸ್ ತಗೊಳ್ಳೋರು ಒಂದು ಕೆಲಸ ಮಾಡಿ. ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಗಾಜಿನೊಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಹಾಗೇ ವಾಪಸ್ ಕೊಟ್ಟುಬಿಡಿ.

ಕೈಗೆ ತಗೊಂಡಾಗ ಮೊದಲು ಖುಷಿಯಾಗಿದ್ದು ತೂಕ ನೋಡಿ. ಬರೀ 240 ಗ್ರಾಂ. ಇದೇ ಜಾತಿಯ ಟೋಕಿನಾ 11-16 ಅರ್ಧ ಕೆಜಿಗೂ ಹೆಚ್ಚು ಭಾರ. ಆದರೆ ಟೋಕಿನಾದ ದ್ವಾರ ಎಫ್/2.8ರವರೆಗೆ ತೆರೆಯುತ್ತದೆ, ನನ್ನದು 10 ಎಂಎಂನಲ್ಲಿ ಎಫ್/4.5, 18ಕ್ಕೆ ಹೋದರೆ ಎಫ್/5.6. ಅಂದರೆ ಆ ಲೆನ್ಸು ನನ್ನದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಬೆಳಕು ಕುಡಿಯುತ್ತದೆ. ಇನ್ನು ಕ್ಯಾಮೆರಾಗೆ ಕೂಡೋ ಬಳೆ ನನ್ನದರಲ್ಲಿ ಪ್ಲಾಸ್ಟಿಕ್. ಹಗುರ, ಅಗ್ಗ ಎರಡೂ ಬೇಕು ಅಂದಮೇಲೆ ಎಲ್ಲೋ ಒಂದು ಕಡೆ ಬಿಡಲೇಬೇಕಲ್ಲ!

ಎಳ್ಳಮಾಸಿಗೆ ಊರಿಗೆ ಹೋದೆ. ಹಿಂದಿನ ದಿನ ತಮ್ಮನ ಬೈಕ್ ಹತ್ತಿ ಲೆನ್ಸ್ ಪರೀಕ್ಷೆಗೆ ಲಕ್ಕುಂಡಿಗೆ ಹೊರಟೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಮುಂದೆ ನಿಂತು, ಶಿಖರ ಪೂರ್ತಿ ಬರಲಿ ಅಂತ ಕ್ಯಾಮೆರಾ ಮೇಲೆತ್ತಿದೆ. ಗುಡಿ ಹಿಂದಕ್ಕೆ ಮಲಗಿದ ಹಾಗೆ ಬಂತು! ಎಡಬಲದ ಗೋಡೆಗಳು ಮೇಲೆ ಹೋಗ್ತಾ ಹೋಗ್ತಾ ಒಂದಕ್ಕೊಂದು ವಾಲಿಕೊಂಡಿದ್ದವು. ವೈಡ್ ಲೆನ್ಸಿನಲ್ಲಿ ಕ್ಯಾಮೆರಾ ಎತ್ತಿದಷ್ಟೂ ಈ ವಾಲುವಿಕೆ ಹೆಚ್ಚು. ನೆಟ್ಟಗೆ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಬಂದು ತೆಗೆದಾಗ ಗುಡಿ ಎದ್ದು ನಿಂತಿತು. ಕೆಳಗೆ ಸುಮ್ಮನೆ ಒಂದಿಷ್ಟು ನೆಲ ಬಂದಿತ್ತು, ಅದನ್ನು ಆಮೇಲೆ ಕತ್ತರಿಸಿದೆ.

ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಯಲ್ಲಿ ಮಾತ್ರ ಈ ಲೆನ್ಸಿಗೆ ಕೈ ಮುಗಿಯಬೇಕು ಅನ್ನಿಸಿತು. ಮೆಟ್ಟಿಲ ಮೇಲೆ ನಿಂತರೆ ಎದುರಿನ ಮೆಟ್ಟಿಲ ಸಾಲು, ಎರಡೂ ಬದಿ, ಕೆಳಗಿನ ನೀರು ಎಲ್ಲಾ ಒಂದೇ ಚೌಕಟ್ಟಿನಲ್ಲಿ. ಬೇರೆ ಲೆನ್ಸಿಗೆ ಅಲ್ಲಿ ಹಿಂದೆ ಸರಿಯೋಕೆ ಜಾಗವೇ ಇಲ್ಲ.

ಗುಡಿಯೊಳಗಿನ ಕತ್ತಲಲ್ಲಿ ಇದರ ಸ್ಟೆಬಿಲೈಸರ್ ಕೆಲಸಕ್ಕೆ ಬಂತು. ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕೈಯಲ್ಲೇ ಹಿಡಿದು ಕಾಲು ಸೆಕೆಂಡಿನಲ್ಲಿ ತೆಗೆದರೂ ಕಂಬದ ಕೆತ್ತನೆ ಸ್ಪಷ್ಟವಾಗಿ ಬಂತು. ಆದರೆ ಅದೇ ಫೋಟೋದಲ್ಲಿ ಕಂಬದ ಪಕ್ಕ ನಿಂತ ತಮ್ಮನ ಮುಖ ಮಸುಕು, ಅವನು ಆಕಳಿಸಿದ್ದ. ಸ್ಟೆಬಿಲೈಸರ್ ತಡೆಯೋದು ನಮ್ಮ ಕೈ ನಡುಕವನ್ನು. ಎದುರಿನವರು ಅಲುಗಾಡಿದರೆ ಅದು ಏನೂ ಮಾಡೋಕಾಗಲ್ಲ. ಇದನ್ನು ನಾನು ಅವತ್ತೇ ನೆನಪಿಟ್ಟುಕೊಳ್ಳಬೇಕಿತ್ತು.

ಮರುದಿನ ಚರಗ ಚೆಲ್ಲೋಕೆ ಎಲ್ಲರೂ ಹೊಲಕ್ಕೆ ಹೋದೆವು. ನಮ್ಮ ಎರಿಹೊಲದ ಆಚೆ ಕಪ್ಪತಗುಡ್ಡ, ಅದರ ಮೇಲೆ ಗಾಳಿಯಂತ್ರಗಳು. 10 ಎಂಎಂನಲ್ಲಿ ತೆಗೆದೆ. ಅಷ್ಟು ದೊಡ್ಡ ಗುಡ್ಡ ಬೆರಳಿನ ಗೆರೆಯಷ್ಟಾಗಿತ್ತು, ಉಳಿದದ್ದೆಲ್ಲ ಬರೀ ಮುಗಿಲು. ವೈಡ್ ಲೆನ್ಸ್ ಅಂದರೆ ದೊಡ್ಡ ದೃಶ್ಯಕ್ಕೆ ಅಂತ ಎಲ್ಲರೂ ತಿಳಿದಿರ್ತೇವೆ. ಆದರೆ ಅದು ದೂರದ್ದನ್ನೆಲ್ಲ ಇನ್ನೂ ದೂರ ತಳ್ಳುತ್ತದೆ. ಆಮೇಲೆ ಒಂದು ಜೋಳದ ತೆನಿಯ ಹತ್ತಿರ ಕೂತೆ. ಈ ಲೆನ್ಸ್ ಸೆನ್ಸರ್‌ನಿಂದ 22 ಸೆಂಟಿಮೀಟರ್ ದೂರದವರೆಗೂ ಫೋಕಸ್ ಮಾಡುತ್ತದೆ, ಅಂದರೆ ತೆನಿ ಗಾಜಿನಿಂದ ಒಂದು ಗೇಣಿಗೂ ಕಡಿಮೆ. ಮುಂದೆ ದೊಡ್ಡದಾಗಿ ತೆನಿ, ಹಿಂದೆ ಬುತ್ತಿ ಬಿಚ್ಚಿ ಕೂತ ನಮ್ಮ ಮಂದಿ, ಅವರ ಹಿಂದೆ ಗುಡ್ಡ. ಆ ಫೋಟೋಗೆ ಜೀವ ಬಂತು. ಈ ಲೆನ್ಸಿಗೆ ಯಾರಾದರೂ ಒಬ್ಬರು ಹತ್ತಿರ ಇರಬೇಕು. ಎಲ್ಲರೂ ದೂರ ನಿಂತರೆ ಇದು ಏನನ್ನೂ ಹೇಳೋದಿಲ್ಲ.

ಅದರ ಮರುದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಬೆಳಕಿಂಡಿಯ ಬಿಸಿಲು ಪಡಸಾಲಿಗೆ ಇಳಿದಾಗ, ಎಲ್ಲರನ್ನೂ ಕೂಡಿಸಿದೆ. ದೊಡ್ಡಪ್ಪ, ಅಪ್ಪ, ಕಾಕಾ ಮೂವರೂ ಹಿಂದಿನ ಸಾಲಿನ ನಡುವೆ. ಮುಂದೆ ಹೆಣ್ಮಕ್ಕಳು, ಹುಡುಗರು. ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ನಡುವೆ ಕುರ್ಚಿ ಹಾಕಿದ್ದೆ. ಆಕಿ ಒಪ್ಪಲಿಲ್ಲ.

"ನನಗ ಕಂಬದ ಆಸರ ಬೇಕವಾ, ಸ್ವಾಂಟ ನೋಯಿತೈತಿ" ಅಂತ ಎಡಗಡೆ ತುದಿಯ ಕಂಬಕ್ಕೆ ಬೆನ್ನು ಹಚ್ಚಿ ಕೂತಳು. ಆ ಕಂಬದ ಹತ್ತಿರ ಕೂತೇ ಆಕಿ ಅರವತ್ತು ವರ್ಷ ಅಕ್ಕಿ ಆರಿಸಿದ್ದು, ಮೆಣಸಿನಕಾಯಿ ತುಂಬು ಬಿಡಿಸಿದ್ದು. ಇರಲಿ, ಲೆನ್ಸ್ ಹಿಡಿಯುತ್ತೆ ಅಂತ ನಾನೂ ಸುಮ್ಮನಾದೆ. ಗ್ವಾದಲಿ ಕಟ್ಟೆ ಮೇಲೆ ಡಬ್ಬಿ, ಅದರ ಮೇಲೆ ಕ್ಯಾಮೆರಾ. ಹತ್ತು ಸೆಕೆಂಡಿನ ಟೈಮರ್ ಒತ್ತಿ ಓಡಿ ಹೋಗಿ ಕಾಕುವಿನ ಪಕ್ಕ ಕೂತೆ. ಸಣ್ಣ ಪರದೆಯಲ್ಲಿ ನೋಡಿದೆ. ಇಪ್ಪತ್ಮೂರೂ ತಲೆ ಇದ್ದವು, ಎರಡೂ ಕಂಬ ಇದ್ದವು, ಬೆಳಕಿಂಡಿಯೂ ಇತ್ತು. ಗೆದ್ದೆ ಅನ್ನಿಸಿತು.

ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ ಹೊಟ್ಟೆಯಲ್ಲಿ ಏನೋ ಕುಸಿದಂತಾಯಿತು. ಆಯಿಯ ಮುಖ ಅಡ್ಡಕ್ಕೆ ಹಿಗ್ಗಿತ್ತು. ಒಣಗಿದ ಕಡ್ಡಿಯಂಥ ನಮ್ಮ ಆಯಿ, ಗಲ್ಲ ಉಬ್ಬಿದ ಯಾರೋ ಹೆಂಗಸಾಗಿದ್ದಳು. ಹಿಂದಿನ ಸಾಲಿನ ಮೂವರು ಅಣ್ಣತಮ್ಮಂದಿರು ಬೆಂಕಿಕಡ್ಡಿಯ ತಲೆಯಷ್ಟಾಗಿದ್ದರು. ಒಂದು ಹುಡುಗನ ತಲೆ ಅಲುಗಾಡಿ ಮಸುಕಾಗಿತ್ತು.

ಇದು ಲೆನ್ಸಿನ ದೋಷ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಅಲ್ಲ ಅಂತ ತಿಳೀತು. ಕತ್ತಲಲ್ಲಿ ಗೋಡೆಗೆ ನೆಟ್ಟಗೆ ಟಾರ್ಚ್ ಬಿಟ್ಟರೆ ಬೆಳಕು ದುಂಡಗೆ ಬೀಳುತ್ತದೆ. ಓರೆ ಮಾಡಿದರೆ ಅದೇ ದುಂಡು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಲೆನ್ಸಿನ ಅಂಚಿನಲ್ಲಿ ಆಗೋದೂ ಇದೇ. ಗೋಡೆ, ಕಂಬದ ಗೆರೆಗಳನ್ನು ನೇರವಾಗಿಯೇ ತೋರಿಸೋ ಯಾವ ವೈಡ್ ಲೆನ್ಸ್ ಆದರೂ, ಎಷ್ಟೇ ಲಕ್ಷದ್ದಾದರೂ, ಅಂಚಿನ ದುಂಡು ವಸ್ತುವನ್ನು ಎಳೆಯಲೇಬೇಕು. 10 ಎಂಎಂನಲ್ಲಿ ಎಡಬಲದ ತುದಿಯಲ್ಲಿರೋ ಮುಖ ಅಡ್ಡಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹಿಗ್ಗುತ್ತದೆ. 18ರಲ್ಲಿ ಆ ಹಿಗ್ಗು ಐದನೇ ಒಂದು ಪಾಲಿಗಿಂತ ಕಡಿಮೆ. ನಿಮ್ಮ ಫೋನಿನ 0.5 ಕ್ಯಾಮೆರಾ ಎಷ್ಟೋ ಫೋನುಗಳಲ್ಲಿ ಇದಕ್ಕಿಂತಲೂ ಅಗಲ, 13 ಎಂಎಂ ಲೆಕ್ಕದ್ದು. ಮದುವೆಯ ಗುಂಪು ಫೋಟೋದಲ್ಲಿ ತುದಿಗೆ ನಿಂತವರು ಯಾಕೆ ಯಾವಾಗಲೂ ಬೈಕೊಳ್ತಾರೆ ಅಂತ ಈಗ ಗೊತ್ತಾಯ್ತಲ್ಲ.

ಅಂಚಿನ ಮುಖ ಸರಿ ಮಾಡೋ ಸಾಫ್ಟ್‌ವೇರ್ ಇವೆ. ಹಾಕಿ ನೋಡಿದೆ. ಆಯಿ ಸರಿಹೋದಳು, ಆದರೆ ಆಕೆ ಒರಗಿದ್ದ ಕಂಬ ಬಿಲ್ಲಿನಂತೆ ಬಾಗಿತು. ಕಂಬ ನೆಟ್ಟಗೆ ಮಾಡಿದರೆ ಆಯಿ ಮತ್ತೆ ಹಿಗ್ಗಿದಳು. ರಾತ್ರಿ ಎರಡರವರೆಗೆ ಇದನ್ನೇ ಮಾಡಿ, ಕೊನೆಗೆ ಕಂಬವನ್ನು ಉಳಿಸಿಕೊಂಡೆ. ಆಯಿ ಹೇಗೂ ಇದ್ದಾಳೆ, ಯುಗಾದಿಗೆ ಹೋಗಿ ಇನ್ನೊಂದು ತೆಗೆದರಾಯಿತು ಅಂತ. ಹೋಗುವ ಕಂಬಕ್ಕಾದರೂ ಅನ್ಯಾಯ ಆಗಬಾರದು ಅಂತ.

ಯುಗಾದಿಗೆ ಪ್ರಿಂಟ್ ಹಾಕಿಸಿಕೊಂಡು ಹೋದೆ. ಆಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಯಾರವ್ವಾ ಇಕಿ, ದುಂಡನ ಮುದುಕಿ?"

"ನೀನ ಆಯಿ."

"ನಾ ಯಾವಾಗ ಇಷ್ಟು ಉಂಡೆ?"

ಎಲ್ಲರೂ ನಕ್ಕೆವು. ಎಲ್ಲರೂ ಅಂದರೆ ಅವತ್ತು ಇದ್ದವರು. ಬದುವಿನ ವಿಷಯಕ್ಕೆ ಮಾತು ಬೆಳೆದು ದೊಡ್ಡಪ್ಪನ ಹಿರೇ ಮಗ ಬಂದಿರಲಿಲ್ಲ. ಕಾಕಾನ ಸಂಸಾರ ಆಗಲೇ ಸಾಮಾನು ಸಾಗಿಸಿತ್ತು. ಲೆಕ್ಕ ಹಾಕಿದರೆ ಹದಿನಾಲ್ಕು ಮಂದಿ. ಆಯಿ ಯಾರ ಮನೆಯಲ್ಲಿ ಇರಬೇಕು ಅನ್ನೋದೂ ಹಿರಿಯರ ಮುಂದೆ ತೀರ್ಮಾನ ಆಗಿತ್ತು. ಒಬ್ಬೊಬ್ಬರಲ್ಲಿ ನಾಲ್ಕು ನಾಲ್ಕು ತಿಂಗಳು.

ಈ ಸಲ ನಾನು ತಪ್ಪು ಮಾಡಲಿಲ್ಲ. ಲೆನ್ಸನ್ನು 18ಕ್ಕೆ ತಿರುಗಿಸಿದೆ. ಆಯಿಯನ್ನು ಕಂಬದ ಜೊತೆಗೇ ಚೌಕಟ್ಟಿನ ನಡುವೆ ತಂದೆ, ಅಂದರೆ ನಾನೇ ಜಾಗ ಬದಲಿಸಿದೆ. ತುದಿಗಳಲ್ಲಿ ಗೋಡೆ, ಬಾಗಿಲು ಮಾತ್ರ ಬರುವ ಹಾಗೆ ನೋಡಿಕೊಂಡೆ. ಐಎಸ್‌ಒ ಏರಿಸಿ ಶಟರ್ ವೇಗ ಹೆಚ್ಚಿಸಿದೆ, ಸ್ವಲ್ಪ ಕಾಳು ಕಾಳಾದರೂ ಯಾರೂ ಮಸುಕಾಗಲಿಲ್ಲ. ಆರು ಅಡಿ ದೂರದಲ್ಲಿ ಆಯಿ, ಆಕೆಯ ಸುತ್ತ ಉಳಿದ ಮಂದಿ, ಮೇಲೆ ಜಂತಿಗಳು. ಆಯಿ ಆಯಿಯ ಹಾಗೇ ಬಂದಳು. ಲೆನ್ಸ್ ಪರೀಕ್ಷೆಯ ಲೆಕ್ಕದಲ್ಲಿ ಇದು ನಾನು ತೆಗೆದ ಅತ್ಯುತ್ತಮ ಫೋಟೋ.

ಈ ಲೆನ್ಸ್ ತಗೋಬಹುದಾ ಅಂತ ಆಫೀಸಿನಲ್ಲಿ ಕೇಳಿದವರಿಗೆಲ್ಲ ಈಗ ಹೀಗೆ ಹೇಳ್ತೇನೆ: ಮನೆಯೊಳಗೆ, ಗುಡಿಯೊಳಗೆ, ಬಾವಿ-ಓಣಿಗಳಂಥ ಇಕ್ಕಟ್ಟು ಜಾಗದಲ್ಲಿ, ಹಗುರವಾಗಿ ಹೊತ್ತು ತಿರುಗೋಕೆ ತಗೊಳ್ಳಿ. ಕತ್ತಲಲ್ಲಿ ಓಡಾಡೋ ಮಕ್ಕಳಿಗೆ, ದೂರದ ಗುಡ್ಡಕ್ಕೆ ಬೇಡ. ಫುಲ್‌ಫ್ರೇಮ್ ಕ್ಯಾಮೆರಾಗೆ ಹೋಗೋ ಆಸೆ ಇದ್ದರೆ ಇದು ಅಲ್ಲಿ ಪೂರ್ತಿ ಕೆಲಸಕ್ಕೆ ಬರಲ್ಲ. ಗುಂಪು ಫೋಟೋಗೆ 10 ಎಂಎಂ ಹಚ್ಚೋ ಮುಂಚೆ, ಅಂಚಿನಲ್ಲಿ ಯಾರು ಕೂತಿದ್ದಾರೆ ಅಂತ ಒಮ್ಮೆ ನೋಡಿ.

ಮನೆ ಬಿಚ್ಚಿ ಒಂದು ವರ್ಷ ಆಗುತ್ತಾ ಬಂತು. ಎರಡೂ ಫೋಟೋಗಳಿಗೆ ಕಟ್ಟು ಹಾಕಿಸಿ ಆಯಿಯ ಮುಂದೆ ಇಟ್ಟು, ನಿನಗೆ ಯಾವುದು ಬೇಕು ಅಂತ ಕೇಳಿದ್ದೆ. ಎರಡನೆಯದನ್ನೇ ಎತ್ತಿಕೊಳ್ತಾಳೆ ಅಂತ ನನಗೆ ಖಾತ್ರಿ ಇತ್ತು. ಆಕೆ ಮೊದಲನೆಯದನ್ನು ಎಳೆದುಕೊಂಡಳು.

"ಅದರಾಗ ನೀ ಚಂದ ಇಲ್ಲಲ್ಲ ಆಯಿ?"

"ಇದರಾಗ ಎಲ್ಲಾರೂ ಅದಾರ. ನಾ ಹೆಂಗರ ಕಾಣ್ಲಿ ಬಿಡು."

ಈಗ ಆಯಿ ಕಾಕಾನ ಮನೆಯಲ್ಲಿದ್ದಾಳೆ. ಫೋಟೋನೂ ಅಲ್ಲೇ ಇದೆ. ನಾಲ್ಕು ತಿಂಗಳಿಗೊಮ್ಮೆ ಟ್ರಂಕು, ಕೋಲು, ಗುಳಿಗೆ ಡಬ್ಬಿಯ ಜೊತೆ ಅದೂ ಮನೆ ಬದಲಿಸುತ್ತದೆ.