ಅಪ್ಪನ ಶ್ರುತಿ, ತಮ್ಮನ ಬೀಟು

ಡಿಜೆ ಅಂದರೆ ಬರೀ ಸೌಂಡು ಅಂದುಕೊಂಡವರೇ ಹೆಚ್ಚು. ಭೇರ್ಯದ ನಮ್ಮ ಮನೆಯಲ್ಲೂ ಹಾಗೇ ಇತ್ತು. ತಮ್ಮನಿಗೆ ಮದುವೆ ರಿಸೆಪ್ಷನ್, ಗಣೇಶನ ಮೆರವಣಿಗೆ, ಊರಹಬ್ಬ ಅಂತ ಕೈತುಂಬ ಕೆಲಸ. ಅದನ್ನು ಕೆಲಸ ಅಂತ ಒಪ್ಪೋರು ಮಾತ್ರ ಯಾರೂ ಇರಲಿಲ್ಲ. ಹೆಣ್ಣಿನ ಕಡೆಯವರು "ಬಾಕ್ಸ್ ಜೋಡಿಸೋದಾ?" ಅಂತ ಕೇಳಿ ಸುಮ್ಮನಾಗೋರು. ಕುರುಕ್ಷೇತ್ರ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದ ನಮ್ಮಪ್ಪನದೂ ಒಂದೇ ಮಾತು: "ಗುಂಡಿ ಒತ್ತಕ್ಕೆ ವಿದ್ಯೆ ಯಾಕ್ಲಾ?" ಅಪ್ಪ-ಮಗನ ನಡುವೆ ಮಾತೇ ಕಮ್ಮಿಯಾಗಿತ್ತು.

ರಜೆಗೆ ಊರಿಗೆ ಹೋದಾಗ ತಮ್ಮನ ಪಕ್ಕ ಕೂತು ನೋಡಿದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಕುಣಿಯೋರ ಕಾಲು ನಿಲ್ಲಬಾರದು. ಅದಕ್ಕೆ ಎರಡೂ ಹಾಡಿನ ಬಿಪಿಎಂ, ಅಂದರೆ ನಿಮಿಷಕ್ಕೆ ಬೀಳುವ ಬೀಟುಗಳ ಸಂಖ್ಯೆ, ಸೇರಬೇಕು. 15 ಸೆಕೆಂಡು ತಾಳ ಹಾಕಿ ಎಣಿಸಿ, ನಾಲ್ಕರಿಂದ ಗುಣಿಸಿ ನೋಡಿ. 26 ಬಂದರೆ ಆ ಹಾಡು 104. ಸಾಫ್ಟ್‌ವೇರೂ ಹೇಳುತ್ತೆ, ಆದರೆ ಒಮ್ಮೊಮ್ಮೆ 70 ಇದ್ದದ್ದನ್ನು 140 ಅಂದುಬಿಡುತ್ತೆ.

ಆಮೇಲೆ ಶ್ರುತಿ. ರೆಕಾರ್ಡ್ ತಟ್ಟೆಯನ್ನು 6 ಪರ್ಸೆಂಟ್ ಜೋರಾಗಿ ತಿರುಗಿಸಿದರೆ ಶ್ರುತಿ ಸುಮಾರು ಅರ್ಧ ಮನೆ ಏರುತ್ತೆ. ಈಗ ವೇಗ ಬದಲಾದರೂ ಶ್ರುತಿ ಕದಲದಂತೆ ಲಾಕ್ ಮಾಡಬಹುದು. ಯಾವ ಶ್ರುತಿಗೆ ಯಾವುದು ಹೊಂದುತ್ತೆ ಅನ್ನೋದಕ್ಕೆ ಗಡಿಯಾರದ ಹಾಗೆ 1ರಿಂದ 12ರವರೆಗಿನ ಚಕ್ರವಿದೆ, ಹೆಸರು ಕ್ಯಾಮೆಲಾಟ್. ಎ ಅಂದರೆ ಮೈನರ್, ಬಿ ಅಂದರೆ ಮೇಜರ್. 8ಬಿ ಹಾಡಿಗೆ 7ಬಿ, 9ಬಿ, 8ಎ ಹೊಂದುತ್ತವೆ.

ಅವತ್ತು ಮೋಹನ ರಾಗದ ಒಂದು ಹಳೇ ಸಿನಿಮಾ ಹಾಡಿಗೆ ಸಾಫ್ಟ್‌ವೇರ್ 8ಬಿ ಅಂತು. ತಮ್ಮ ಪಕ್ಕದ ಮನೆಯ 7ಬಿ ಹಾಡು ಸೇರಿಸಿದ. ಇಬ್ಬರು ಜಗಳಕ್ಕೆ ನಿಂತ ಹಾಗೆ ಕೇಳಿಸಿತು. ಪಡಸಾಲೆಯಲ್ಲಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. "ಒಂದು ಮನೆ ಅಲ್ಲ ಕಣ್ಲಾ, ಷಡ್ಜ ಐದು ಮನೇಲೈತೆ!" ಅಂದು ಹಾರ್ಮೋನಿಯಂ ತೆಗೆದು ತೋರಿಸಿದರು. ಅವರು ಹೇಳಿದ್ದೇ ಸರಿ. ಮೋಹನಕ್ಕೆ ಐದೇ ಸ್ವರ. ಉಳಿದೆರಡು ಸ್ವರ ಸಿಗದೆ ಮಷೀನು ಷಡ್ಜವನ್ನೇ ಬೇರೆ ಕಡೆ ಹಿಡಿದಿತ್ತು. ಐದು ಮನೆ ಅಂದರೆ ಚಕ್ರದಲ್ಲಿ 9ಬಿ. ತಮ್ಮ 10ಬಿ ಹಾಡು ಹಾಕಿದ, ಕೂಡಿಕೊಂಡಿತು.

ಆಮೇಲೆ ಅಪ್ಪ ಟ್ರಂಕಿನಿಂದ ತಮ್ಮ ನೋಟ್‌ಬುಕ್ ತಂದರು. ದುರ್ಯೋಧನನ ಪಾತ್ರಧಾರಿಗೆ ಎಷ್ಟು ಮನೆ, ಕೃಷ್ಣನಿಗೆ ಎಷ್ಟು ಅಂತ ಪ್ರತಿ ಹೆಸರಿನ ಮುಂದೆ ಬರೆದಿಟ್ಟಿದ್ದರು. ತಮ್ಮ ತನ್ನ ಲ್ಯಾಪ್‌ಟಾಪಿನ ಪಟ್ಟಿಯನ್ನು ಅದರ ಪಕ್ಕಕ್ಕೆ ತಂದಿಟ್ಟ. ಇಬ್ಬರೂ ಸುಮಾರು ಹೊತ್ತು ನೋಡ್ತಾ ಕೂತಿದ್ದರು.

ಈಗ ತಮ್ಮನ ಪಟ್ಟಿಯಲ್ಲಿ ಬಿಪಿಎಂ, ಕೀ ಆದಮೇಲೆ 'ಅಪ್ಪ' ಅಂತ ಮೂರನೇ ಕಾಲಂ ಇದೆ. ಹಳೇ ಹಾಡುಗಳೆಲ್ಲ ಅಲ್ಲಿ ಪಾಸಾಗಬೇಕು. ಸೌಂಡಿನ ವಿಷಯದಲ್ಲಿ ಮಾತ್ರ ಅಪ್ಪನದು ರಾಜಿಯಿಲ್ಲ. ರಾತ್ರಿ 10ಕ್ಕೆ ಮೈಕು ನಿಲ್ಲಿಸಬೇಕು ಅಂತ ಕಾನೂನಿದೆ. ಅಪ್ಪನ ಫೋನು ಒಂಬತ್ತೂವರೆಗೇ ಬರುತ್ತೆ.