ಉದ್ಯಾನ್ ಗಾಡಿ

ವಾಡಿ ಜಂಕ್ಷನ್ನಿನಲ್ಲಿ ನಿಲ್ಲುವ ಗಾಡಿಗಳ ಪೈಕಿ ಉದ್ಯಾನ್ ಎಕ್ಸ್‌ಪ್ರೆಸ್ ಮೇಲೆ ನನಗೆ ಅದರ ಹೆಸರಿಗಾಗಿಯೇ ಪ್ರೀತಿ. ಮುಂಬೈಯಿಂದ ಬಂದು, ನಮ್ಮ ಸಿಮೆಂಟಿನ ಊರಲ್ಲಿ ಸಂಜೆ ನನ್ನನ್ನು ಹತ್ತಿಸಿಕೊಂಡು, ಮರುದಿನ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಸುತ್ತದೆ. ಅಲ್ಲಿಂದ ಸೀದಾ ಲಾಲ್‌ಬಾಗ್.

"ಹೂವ ನೋಡ್ಲಾಕ ಅಷ್ಟು ದೂರ ಹೋಗಬೇಕೇನು?" ಅಂತ ಅವ್ವ ಪ್ರತಿ ಸಲ ಕೇಳುತ್ತಾಳೆ. ಹೂವಿಗಷ್ಟೇ ಅಲ್ಲ ನಾನು ಹೋಗುವುದು. ನಮ್ಮ ಅಂಗಳಕ್ಕೆಲ್ಲ ಶಾಬಾದ ಫರ್ಸಿ ಹಾಸಿದೆ. ಅದರ ಮೇಲೆ ಇಪ್ಪತ್ತೆಂಟು ಕುಂಡಗಳು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಕಲ್ಲು ಹಂಚಿನಂತೆ ಕಾದು, ಮಲ್ಲಿಗೆಯ ಬೇರು ಕುಂಡದೊಳಗೇ ಬೆಂದುಹೋಗುತ್ತದೆ. ಕುಂಡದಡಿ ಎರಡೆರಡು ಇಟ್ಟಿಗೆ ಇಟ್ಟು, ಸುತ್ತ ಒದ್ದೆ ಗೋಣಿಚೀಲ ಹಾಸಿ ಕಾಪಾಡುತ್ತೇನೆ. ಕಲ್ಲಿನ ಮೇಲೆ ಗಿಡ ಉಳಿಸುವುದು ಹೇಗೆ ಎಂಬುದೇ ನನ್ನ ಹಗಲಿರುಳ ಚಿಂತೆ.

ಅದಕ್ಕೇ ಲಾಲ್‌ಬಾಗಿನಲ್ಲಿ ಗಾಜಿನ ಮನೆಗಿಂತ ಮೊದಲು ಬಂಡೆ ಹತ್ತುತ್ತೇನೆ. ಕೆಂಪೇಗೌಡರ ಗೋಪುರ ನಿಂತಿರುವ ಈ ಬಂಡೆಗೆ ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ನಮ್ಮ ಶಾಬಾದ ಸುಣ್ಣದ ಕಲ್ಲು ಕಡಲ ತಳದ ಕೆಸರು ಪದರಪದರವಾಗಿ ಗಟ್ಟಿಯಾದದ್ದು. ಸಂದಿಗೆ ಹಾರಿ ಹಾಕಿ ಮೀಟಿದರೆ ರೊಟ್ಟಿಯ ಹಾಗೆ ಏಳುತ್ತದೆ. ಈ ಬಂಡೆಗೆ ಪದರವೇ ಇಲ್ಲ, ಕಪ್ಪು ಬಿಳಿ ಪಟ್ಟೆಗಳು ಕಲಸಿದ ಹಿಟ್ಟಿನಂತೆ ನುಲಿದುಕೊಂಡಿವೆ. ಆದರೂ ತಗ್ಗಿನಲ್ಲಿ ಬೊಗಸೆ ಮಣ್ಣು ಕೂತಲ್ಲೆಲ್ಲ ಹುಲ್ಲು ಎದ್ದಿರುತ್ತದೆ. ಎಷ್ಟು ಹೊತ್ತು ನೋಡಿದರೂ ನನಗೆ ಸಾಕಾಗುವುದಿಲ್ಲ.

1760ರಲ್ಲಿ ಹೈದರ್ ಅಲಿ ಶುರು ಮಾಡಿ, ಟಿಪ್ಪು ಬೆಳೆಸಿದ ತೋಟ ಈಗ 240 ಎಕರೆ. ಲಂಡನ್ನಿನ ಕ್ಯೂ ತೋಟದಿಂದ ಬಂದ ಜಾನ್ ಕ್ಯಾಮರಾನ್ ಇಲ್ಲಿ ಸೀಮೆಬದನೆ ಬೆಳೆಸಿದ. ಸೇಡಂ ದಾಟಿ ತಾಂಡೂರಿನ ಕಡೆ ಹೋದರೆ ತೆಲುಗು ಮಂದಿ ಅದನ್ನು ಇವತ್ತಿಗೂ 'ಬೆಂಗಳೂರು ವಂಕಾಯ' ಅನ್ನುತ್ತಾರೆ. ತೋಟದ ಹೆಸರು ಮರೆತರೂ ಊರಿನ ಹೆಸರು ಕಾಯಿಗೆ ಅಂಟಿಕೊಂಡಿತು. 1889ರ ಗಾಜಿನ ಮನೆಯೂ ಕ್ಯಾಮರಾನ್ ಕಾಲದ್ದೇ. ಜನವರಿ, ಆಗಸ್ಟ್‌ಗಳ ಫಲಪುಷ್ಪ ಪ್ರದರ್ಶನದಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಬೇರೆ ತಿಂಗಳಲ್ಲಿ ಹೋಗುತ್ತೇನೆ.

ಬಂಡೆ ಇಳಿದು ಹಳೆಯ ಬಿಳಿ ಬೂರುಗದ ಮರದ ಬಳಿ ಬರುತ್ತೇನೆ. ಅದರ ಬೇರುಗಳು ನೆಲದ ಮೇಲೆ ಗೋಡೆಯಂತೆ ಎದ್ದಿವೆ. ಎರಡು ಬೇರುಗಳ ನಡುವೆ ಒಂದು ಎಮ್ಮೆ ಕಟ್ಟಬಹುದು, ಅಷ್ಟು ಜಾಗ. ನಮ್ಮ ಕಡೆ ಇಂಥ ನೆರಳು ಬೇಕೆಂದರೆ ಚಿಂಚೋಳಿ ಕಾಡಿಗೇ ಹೋಗಬೇಕು. ಮರಕ್ಕೆ ತಗಡಿನ ಹೆಸರುಪಟ್ಟಿ ಇದ್ದಲ್ಲೆಲ್ಲ ನಿಂತು ಓದುತ್ತೇನೆ. ಹೆಸರು ಗೊತ್ತಾದ ಮರ ಮುಂದಿನ ಸಲ ಪರಿಚಯದವರ ಹಾಗೆ ಎದುರಾಗುತ್ತದೆ.

ಹೋದ ಸಲ ಮಾಲಿಯೊಬ್ಬರು ಉದುರಿದ ಎಲೆಯನ್ನು ಗುಡಿಸಿ ಬುಟ್ಟಿಗೆ ತುಂಬಿ, ಮತ್ತೆ ಗಿಡದ ಬುಡಕ್ಕೇ ಸುರಿಯುತ್ತಿದ್ದರು. ಅವರ ಮುಂದೆ ನಿಂತು ನನ್ನ ಕುಂಡಗಳ ಕಥೆ ಹೇಳಿದೆ. "ಎಲೆ ಹೊರಗೆ ಹಾಕ್ಬೇಡಿ ಸಾರ್, ನಾಲ್ಕು ಬೆರಳು ದಪ್ಪ ಬುಡಕ್ಕೆ ಹೊದಿಸಿ. ನೀರು ಬೇಗ ಆರಲ್ಲ" ಅಂದರು. ಬುಡದ ಎಲೆ ಸರಿಸಿ ಕೈಯಿಡಲು ಹೇಳಿದರು. ಮೇಲೆ ಬಿಸಿಲು ಕಾದಿತ್ತು, ಒಳಗೆ ಮಣ್ಣು ಬಾವಿಯ ಮೆಟ್ಟಿಲಿನಷ್ಟು ತಣ್ಣಗಿತ್ತು.

ನಮ್ಮ ಮನೆ ಮುಂದೆ ಬೇವಿನ ಮರವಿದೆ. ಫೆಬ್ರವರಿಯಲ್ಲಿ ಅದು ಉದುರಿಸುವ ಎಲೆಯನ್ನು ಅವ್ವ ಇಷ್ಟು ವರ್ಷ ಗುಡಿಸಿ ಓಣಿಯ ಕೊನೆಯಲ್ಲಿ ಸುಡುತ್ತಿದ್ದಳು. ಈ ವರ್ಷ ಸುಡಲು ಬಿಡಲಿಲ್ಲ. ಇಪ್ಪತ್ತೆಂಟು ಕುಂಡಗಳಿಗೂ ಬೇವಿನೆಲೆಯ ಹೊದಿಕೆ ಬಿತ್ತು. ಏಪ್ರಿಲ್ ಕಳೆದರೂ ಮಲ್ಲಿಗೆ ಬಾಡಿಲ್ಲ. ಈಗ ದಿನಾ ಮುಂಜಾನೆ ಅವ್ವನೇ ಎಲೆ ಸರಿಸಿ, ಒಳಗೆ ಬೆರಳಿಟ್ಟು ನೋಡಿ, "ಇನ್ನೂ ಹಸಿ ಅದ" ಅಂತ ಮನೆಯೊಳಗಿದ್ದ ನನಗೆ ಕೂಗಿ ಹೇಳುತ್ತಾಳೆ.