ಅಂಜುವ ಮಕ್ಕಳು: ಪುಣೆಯ ಟಿಪ್ಪಣಿಗಳು

ಕೊಥ್ರೂಡಿನ ಒಂದು ಕನ್ನಡ ಮನೆ, ಢೋಲಿನ ಸದ್ದಿಗೆ ಅಂಜುವ ಮಗು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ, ತಾಯಿಯ ಅಕ್ಷರ. ಕೆಳಗಿನಿಂದ ಮೇಲಕ್ಕೆ ಓದಬೇಕು.

ಮೊಬೈಲಿನಲ್ಲಿ ಢೋಲಿನ ಸದ್ದು, ಸಣ್ಣಗೆ. ಅದೇ ಸದ್ದು, ಜೋರಾಗಿ. ಮುಠಾ ನದಿಯ ದಡದಲ್ಲಿ ಢೋಲ್-ತಾಶಾ ಪಥಕದ ತಾಲೀಮು, ಸೇತುವೆಯ ಮೇಲೆ ನಿಂತು. ಅದೇ ತಾಲೀಮು ಹತ್ತಿರದಿಂದ, ಅಪ್ಪನ ಕೈ ಹಿಡಿದು. ಕೈ ಬಿಟ್ಟು. ಎಲ್ಲಕ್ಕೂ ಮೇಲೆ: ಗಣಪತಿ ಬಿಡುವ ಮೆರವಣಿಗೆ, ಲಕ್ಷ್ಮಿ ರಸ್ತೆ.

‘ಕೈ ಬಿಟ್ಟು’ ಎಂಬ ಸಾಲಿನ ಎದುರು ಒಂದು ಟಿಕ್. ಅದನ್ನು ಹೊಡೆದುಹಾಕಿದ್ದಾರೆ. ಪಕ್ಕದಲ್ಲಿ ಇನ್ನೊಂದು ಟಿಕ್.

*

ಚಿಕಿತ್ಸಕರು ಇದನ್ನು ಅಂಜಿಕೆಯ ಏಣಿ ಎನ್ನುತ್ತಾರೆ. ಯಾವುದು ಎಷ್ಟು ಅಂಜಿಕೆ ಎಂದು ಅಂಕ ಕೊಡುವುದು ಮಗುವೇ. ಕಡಿಮೆ ಅಂಕದ್ದು ಕೆಳಗೆ, ಹೆಚ್ಚಿನದು ಮೇಲೆ. ಒಂದು ಮೆಟ್ಟಿಲಲ್ಲಿ ಎದೆಬಡಿತ ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಮಗು ಓಡಬಾರದು. ದೊಡ್ಡವರು ಎತ್ತಿಕೊಂಡು ಓಡಬಾರದು.

ಎರಡನೆಯದೇ ಕಷ್ಟ ಎಂದು ಆ ತಾಯಿ ಹೇಳಿದರು.

*

ಏಣಿ ಹಳೆಯದು. 1924ರಲ್ಲಿ ನ್ಯೂಯಾರ್ಕಿನಲ್ಲಿ ಮೇರಿ ಕವರ್ ಜೋನ್ಸ್ ಎಂಬ ಸಂಶೋಧಕಿ ಪೀಟರ್ ಎಂಬ ಮಗುವಿನ ಬಗ್ಗೆ ಬರೆದರು. ವಯಸ್ಸು 2 ವರ್ಷ 10 ತಿಂಗಳು. ಮೊಲ ಕಂಡರೆ ಅಂಜಿಕೆ. ಬಿಳಿ ಇಲಿ, ತುಪ್ಪಳದ ಕೋಟು, ಗರಿ, ಹತ್ತಿ, ಇವುಗಳಿಗೂ ಅಂಜಿಕೆ.

ಜೋನ್ಸ್ ಮಾಡಿದ್ದು ಇಷ್ಟು. ಹಸಿದ ಪೀಟರನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಇಷ್ಟದ ತಿಂಡಿ ಕೊಟ್ಟರು. ಅವನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ತುಸು ಹತ್ತಿರ ತಂದರು. ತಿನ್ನುವುದು ನಿಲ್ಲದಷ್ಟೇ ಹತ್ತಿರ. ಮೊಲಕ್ಕೆ ಅಂಜದ ಬೇರೆ ಮಕ್ಕಳನ್ನೂ ಅದೇ ಕೋಣೆಯಲ್ಲಿ ಆಡಲು ಬಿಟ್ಟರು.

ಪ್ರಗತಿಯನ್ನು 17 ಮೆಟ್ಟಿಲುಗಳಲ್ಲಿ ಬರೆದಿಟ್ಟರು. ಮೊದಲನೆಯದರಲ್ಲಿ ಕೋಣೆಯ ಯಾವ ಮೂಲೆಯಲ್ಲಿ ಪಂಜರವಿದ್ದರೂ ಅಂಜಿಕೆ. ಕೊನೆಯದರಲ್ಲಿ ಮೊಲ ಬೆರಳು ಮೆಲ್ಲುತ್ತಿದ್ದರೂ ಪೀಟರ್ ಸುಮ್ಮನಿರುತ್ತಾನೆ.

ನಡುವೆ ಅವನಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆ ಸೇರಿದ. ವಾಪಸು ಹೊರಟು ಟ್ಯಾಕ್ಸಿ ಹತ್ತುವಾಗ ದೊಡ್ಡ ನಾಯಿಯೊಂದು ಮೈಮೇಲೆ ಹಾರಿತು. ಜೊತೆಗಿದ್ದ ನರ್ಸ್ ಕೂಡ ಹೆದರಿದರು. ಹಳೆಯ ಅಂಜಿಕೆ ಪೂರ್ತಿ ಮರಳಿತು. ಮತ್ತೆ ಮೊದಲಿನಿಂದ.

*

‘ಲಗೂನ ತಿನ್ನು, ಗುಮ್ಮ ಬರ್ತೈತಿ.’ ಕರ್ವೆ ನಗರದ ಒಂದು ಬಾಲ್ಕನಿಯಿಂದ, ಅಪ್ಪಟ ಧಾರವಾಡದ ದನಿಯಲ್ಲಿ. ಕೆಳಗಿನ ಮನೆಯಲ್ಲಿ ಅದೇ ಹೊತ್ತಿಗೆ ಬಾಗುಲ್‌ಬುವಾ, ಮರಾಠಿಯಲ್ಲಿ.

*

ಪೀಟರನಿಗಿಂತ ನಾಲ್ಕು ವರ್ಷ ಮುಂಚೆ, 1920ರಲ್ಲಿ, ಆಲ್ಬರ್ಟ್. ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಒಂದು ವರ್ಷವೂ ತುಂಬದ ಮಗುವಿನ ಮುಂದೆ ಬಿಳಿ ಇಲಿ ಇಟ್ಟು, ಅದನ್ನು ಮುಟ್ಟಿದಾಗಲೆಲ್ಲ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಅಂಜಿಕೆ ಹುಟ್ಟಿತು. ಅದನ್ನು ಕಳೆಯುವ ಮೊದಲೇ ತಾಯಿ ಮಗುವನ್ನು ಕರೆದುಕೊಂಡು ಹೋದರು. ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಆಲ್ಬರ್ಟನಿಗೆ ಸಿಗುವ ಜಾಗ ಪೀಟರನಿಗೆ ಸಿಗುವುದಿಲ್ಲ. ನನಗೆ ಇದು ಬೇಸರದ ಸಂಗತಿ.

*

ಮಹಾರಾಷ್ಟ್ರದ ಹತ್ತನೆಯ, ಹನ್ನೆರಡನೆಯ ತರಗತಿಗಳ ಪರೀಕ್ಷಾ ಮಂಡಳಿಯ ಕೇಂದ್ರ ಕಚೇರಿ ಇರುವುದು ಪುಣೆಯ ಶಿವಾಜಿನಗರದಲ್ಲಿ. ಮಕ್ಕಳ ಒತ್ತಡ ತಗ್ಗಲಿ ಎಂದು ಮಂಡಳಿ ಪ್ರಶ್ನೆಪತ್ರಿಕೆಯನ್ನು 10 ನಿಮಿಷ ಮೊದಲೇ ಕೊಡುತ್ತಿತ್ತು. ಪತ್ರಿಕೆ ಮೊಬೈಲಿನಲ್ಲಿ ಹೊರಬೀಳುತ್ತದೆಂದು 2023ರಲ್ಲಿ ಅದನ್ನು ನಿಲ್ಲಿಸಿತು. ಪೋಷಕರು ಕೇಳಿಕೊಂಡರು. ಮಂಡಳಿ ಅದೇ 10 ನಿಮಿಷವನ್ನು ಪರೀಕ್ಷೆಯ ಕೊನೆಗೆ ಸೇರಿಸಿತು.

ಓದುವ 10 ನಿಮಿಷ, ಬರೆಯುವ 10 ನಿಮಿಷ. ಎರಡೂ ಒಂದೇ ಕೆಲಸ ಮಾಡುತ್ತವೆಯೇ?

*

ಸದಾಶಿವ ಪೇಟೆಯ ಪರೀಕ್ಷಾ ಕೇಂದ್ರವೊಂದರ ಗೇಟು. ಒಬ್ಬ ತಾಯಿ ಮಗನ ಪೆನ್ನುಗಳನ್ನು ಒಂದೊಂದಾಗಿ ತೆಗೆದು ತನ್ನ ಅಂಗೈ ಮೇಲೆ ಗೀಚಿ ನೋಡುತ್ತಿದ್ದರು. ಅಂಗೈ ತುಂಬ ನೀಲಿ ಗೆರೆ. ಹುಡುಗ ಗೋಡೆಗೆ ಒರಗಿ ನಿಂತಿದ್ದ. ನಡುಗುತ್ತಿದ್ದದ್ದು ತಾಯಿಯ ಬೆರಳು.

*

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶೋಭಾ ಶ್ರೀನಾಥ್, ಸತೀಶ್ ಗಿರಿಮಾಜಿ ಮತ್ತು ಸಂಗಡಿಗರು ಮಾಡಿದ ಸಮೀಕ್ಷೆ 2005ರಲ್ಲಿ ಪ್ರಕಟವಾಯಿತು. ನಗರದ ಮಧ್ಯಮ ವರ್ಗ, ಕೊಳೆಗೇರಿ, ಹಳ್ಳಿ, ಮೂರೂ ಕಡೆಯ 16 ವರ್ಷದೊಳಗಿನ 2,064 ಮಕ್ಕಳು. ಶೇಕಡಾ 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. ಹೆಚ್ಚು ಕಂಡವು: ಹಾಸಿಗೆ ಒದ್ದೆ ಮಾಡುವುದು, ಯಾವುದೋ ಒಂದೇ ವಸ್ತುವಿನ ಭಯ, ಅತಿಚಟುವಟಿಕೆ, ತೊದಲು, ಎದುರಾಡುವುದು.

ಮಗುವಿಗೆ ತೊಂದರೆ ಇದೆ ಎಂದು ಮನೆಯವರಿಗೂ ಅನ್ನಿಸಿದ್ದು ಶೇಕಡಾ 37.5ರಷ್ಟು ಕುಟುಂಬಗಳಲ್ಲಿ ಮಾತ್ರ.

ಎದುರಾಡುವ ಮಗು ಕಣ್ಣಿಗೆ ಬೀಳುತ್ತದೆ. ಅಂಜುವ ಮಗುವನ್ನು ಮನೆಗೆ ಬಂದವರು ಹೊಗಳಿ ಹೋಗುತ್ತಾರೆ: ಎಷ್ಟು ಸಾಧು.

*

ಸೋಮವಾರದ ಹೊಟ್ಟೆನೋವು. ಭಾನುವಾರ ಸಂಜೆಯೇ ಶುರು.

*

ಅಂಜಿಕೆ ಅಳೆಯುವ ಪ್ರಶ್ನಾವಳಿಗಳಲ್ಲಿ ಒಂದು ಅಮೆರಿಕದ ‘ಸ್ಕೇರ್ಡ್’. 41 ಪ್ರಶ್ನೆ. ಮಗು ತುಂಬುವ ಪ್ರತಿ ಒಂದು, ತಾಯಿ-ತಂದೆ ತುಂಬುವುದು ಇನ್ನೊಂದು. ಇಬ್ಬರ ಉತ್ತರಗಳು ಕೂಡಿಬರುವುದು ಕಡಿಮೆ. ಸಂಶೋಧಕರು ಎರಡನ್ನೂ ಇಟ್ಟುಕೊಳ್ಳುತ್ತಾರೆ.

*

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ. 1997-98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಹುಟ್ಟಿದ ಮಕ್ಕಳನ್ನು ಅಂದಿನಿಂದ ನೋಡುತ್ತ ಬಂದಿದ್ದಾರೆ. ಮಕ್ಕಳಿಗೆ ಹದಿಮೂರೂವರೆ ವರ್ಷವಾದಾಗ 213 ಮಂದಿಯನ್ನು ಒಬ್ಬೊಬ್ಬರಾಗಿ ಒಂದು ಕೋಣೆಗೆ ಕರೆದರು. ಎದುರಿಗೆ ಗುರುತಿಲ್ಲದ ಪರೀಕ್ಷಕರು. 5 ನಿಮಿಷ ಭಾಷಣ, 5 ನಿಮಿಷ ಬಾಯಿಲೆಕ್ಕ.

ಈ ವಿಧಾನ ಜರ್ಮನಿಯ ಟ್ರಿಯರ್ ಪಟ್ಟಣದಿಂದ ಬಂದದ್ದು. ಒತ್ತಡವನ್ನು ಬೇಕೆಂದೇ ಉಂಟುಮಾಡಿ ಅಳೆಯುವ ವಿಧಾನ. ಮಾರ್ಕ್ಸ್ ಇಲ್ಲ. ಎಂಜಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎಷ್ಟಿದೆ, ರಕ್ತದೊತ್ತಡ ಎಷ್ಟು ಏರಿತು ಎಂದು ಬರೆದುಕೊಳ್ಳುತ್ತಾರೆ.

ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳು 26. ಅವರ ರಕ್ತದೊತ್ತಡ ಉಳಿದವರಿಗಿಂತ ಹೆಚ್ಚು ಏರಿತು. ಕಾರ್ಟಿಸಾಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ.

*

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಕೆಂಡಲ್. ಅಂಜುವ ಮಕ್ಕಳ ಚಿಕಿತ್ಸೆಗೆ ಅವರು ಬರೆದ ‘ಕೋಪಿಂಗ್ ಕ್ಯಾಟ್’ ಪಠ್ಯದಲ್ಲಿ 16 ಭೇಟಿ. ಮೊದಲ ಎಂಟು ಕಲಿಯಲು: ಮೈ ಏನು ಹೇಳುತ್ತಿದೆ, ಮನಸ್ಸು ಏನು ಊಹಿಸುತ್ತಿದೆ, ಬದಲಿಗೆ ಏನು ಮಾಡಬಹುದು. ಉಳಿದ ಎಂಟು ಮಾಡಿ ನೋಡಲು. 1994ರ ಒಂದು ಪ್ರಯೋಗದಲ್ಲಿ 9ರಿಂದ 13 ವರ್ಷದ 47 ಮಕ್ಕಳು. ಚಿಕಿತ್ಸೆ ಪಡೆದವರಲ್ಲಿ ಶೇಕಡಾ 64 ಮಂದಿಗೆ ಕೊನೆಯಲ್ಲಿ ಅಂಜಿಕೆಯ ರೋಗನಿರ್ಣಯ ಉಳಿಯಲಿಲ್ಲ.

ತಪ್ಪಿಗೆ ಅಂಜುವ ಮಗುವಿಗೆ ಇಂಥ ಚಿಕಿತ್ಸೆಯಲ್ಲಿ ಒಂದು ಮನೆಪಾಠ ಇರುತ್ತದೆ: ಬೇಕೆಂದೇ ಒಂದು ತಪ್ಪು ಮಾಡಿ ಬಾ. ಪುಣೆಯ ಒಬ್ಬ ಸಮಾಲೋಚಕಿ ಹೇಳಿದರು: ‘ಮಕ್ಕಳು ಮಾಡುತ್ತಾರೆ. ಆ ನೋಟ್‌ಬುಕ್ಕನ್ನು ರಾತ್ರಿ ಅಪ್ಪ ತಿದ್ದಿಬಿಡುತ್ತಾರೆ.’

*

2008. ಅಮೆರಿಕದ ಆರು ಕೇಂದ್ರಗಳು, 7ರಿಂದ 17 ವರ್ಷದ 488 ಮಕ್ಕಳು, 12 ವಾರ, ನಾಲ್ಕು ಗುಂಪು. ಮಾತಿನ ಚಿಕಿತ್ಸೆ ಮತ್ತು ಸರ್ಟ್ರಲಿನ್ ಮಾತ್ರೆ ಎರಡೂ ಪಡೆದವರಲ್ಲಿ ಶೇಕಡಾ 80.7 ಮಂದಿ ಚೆನ್ನಾಗಿ ಸುಧಾರಿಸಿದರು. ಚಿಕಿತ್ಸೆ ಮಾತ್ರ: 59.7. ಮಾತ್ರೆ ಮಾತ್ರ: 54.9. ಔಷಧವೇ ಇಲ್ಲದ ಹುಸಿ ಮಾತ್ರೆ: 23.7.

ಕೊನೆಯ ಅಂಕಿಯ ಮೇಲೆ ಕಣ್ಣು ನಿಲ್ಲುತ್ತದೆ. ಆ ಮಕ್ಕಳಿಗೆ ಸಿಕ್ಕಿದ್ದು ಏನು? ಯಾರೋ ಒಬ್ಬರು ಹೇಗಿದ್ದೀಯಾ ಎಂದು ತಪ್ಪದೆ ಕೇಳಿದ್ದು, ಉತ್ತರ ಬರೆದುಕೊಂಡದ್ದು.

*

ಅದೇ ಮಕ್ಕಳಲ್ಲಿ 319 ಮಂದಿಯನ್ನು ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ನೋಡಿದರು. 2018ರ ವರದಿ: ಶೇಕಡಾ 22 ಮಂದಿ ಉದ್ದಕ್ಕೂ ಚೆನ್ನಾಗಿದ್ದರು. ಶೇಕಡಾ 30 ಮಂದಿಗೆ ಅಂಜಿಕೆ ಬಿಡಲೇ ಇಲ್ಲ. ಶೇಕಡಾ 48 ಮಂದಿಯಲ್ಲಿ ಹೋಯಿತು, ಬಂತು.

ಹನ್ನೆರಡು ವಾರದ ಕೋರ್ಸು ಮುಗಿದ ಮೇಲೆ ಮಗುವನ್ನು ಯಾರು ನೋಡುತ್ತಾರೆ? ಹಲ್ಲಿನ ಡಾಕ್ಟರು ಆರು ತಿಂಗಳಿಗೊಮ್ಮೆ ಬನ್ನಿ ಎನ್ನುತ್ತಾರೆ.

*

1993ರ ಸೆಪ್ಟೆಂಬರ್ 30, ನಸುಕಿನ 3.56. ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಿನ ಹಳ್ಳಿಗಳಲ್ಲಿ ಭೂಕಂಪ. ಗಣಪತಿ ಬಿಟ್ಟು ಬಂದು ಮಲಗಿದ್ದ ಜನ. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಅವರ ಮೇಲೆ ಕುಸಿದವು. ಸಾವಿರಾರು ಜನ ಸತ್ತರು. ಆ ಸೀಮೆಯ ಗಡಿ ದಾಟಿದರೆ ಬೀದರ, ಕಲಬುರಗಿ.

ಪುಣೆಯ ಬಿ.ಜೆ. ಮೆಡಿಕಲ್ ಕಾಲೇಜಿನ ಮನೋವೈದ್ಯ ಮೋಹನ್ ಆಗಾಶೆ ಬದುಕುಳಿದವರ ಮನಸ್ಸಿನ ಆರೋಗ್ಯದ ಅಧ್ಯಯನಕ್ಕೆ ನಿಂತರು. ‘ಘಾಶೀರಾಮ್ ಕೋತ್ವಾಲ್’ ನಾಟಕದಲ್ಲಿ ನಾನಾ ಫಡ್ನವೀಸನ ಪಾತ್ರ ಮಾಡಿದವರು ಇವರೇ.

ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುಥ್ಥಾ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆತಂದರು. ವಾಘೋಲಿಯಲ್ಲಿ ಅವರಿಗಾಗಿ ವಸತಿ ಶಾಲೆ ಎದ್ದಿತು. ಪುಣೆಯದೇ ಇನ್ನೊಂದು ಸಂಸ್ಥೆ, ಜ್ಞಾನ ಪ್ರಬೋಧಿನಿ. ಅದು ಭೂಕಂಪದ ನಾಡಿಗೇ ಹೋಗಿ ಹರಾಳಿ ಎಂಬ ಹಳ್ಳಿಯಲ್ಲಿ ಶಾಲೆ ತೆರೆಯಿತು.

ಒಂದು ಆ ನೆಲದಿಂದ ಮಕ್ಕಳನ್ನು ಕರೆದುಕೊಂಡು ಬಂತು. ಇನ್ನೊಂದು ಮಕ್ಕಳ ಜೊತೆ ಆ ನೆಲದ ಮೇಲೆ ಕೂತಿತು. ಎರಡೂ ಪ್ರೀತಿಯಿಂದಲೇ ಮಾಡಿದವು. ವಾಘೋಲಿಗೆ ಆಮೇಲೆ ಮೇಳಘಾಟಿನ ಆದಿವಾಸಿ ಮಕ್ಕಳು ಬಂದರು, ಆತ್ಮಹತ್ಯೆ ಮಾಡಿಕೊಂಡ ರೈತರ ಮಕ್ಕಳು ಬಂದರು.

*

ಈಗ ಲಾತೂರ್ ಎಂದರೆ ಪ್ರವೇಶ ಪರೀಕ್ಷೆಗಳ ಕೋಚಿಂಗ್. ‘ಲಾತೂರ್ ಪ್ಯಾಟರ್ನ್’ ಎಂದರೆ ಮಹಾರಾಷ್ಟ್ರದ ಯಾವ ಮನೆಗೂ ವಿವರಿಸಬೇಕಿಲ್ಲ. ಬೇರೆ ಜಿಲ್ಲೆಗಳ ಹದಿನಾರು ಹದಿನೇಳರ ಮಕ್ಕಳು ಅಲ್ಲಿಗೆ ಹೋಗಿ ರೂಮು ಮಾಡಿಕೊಂಡಿರುತ್ತಾರೆ.

*

ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ವ್ಯಾನಿನಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್. ಪುಣೆಯ ಕನ್ನಡದ ಮಗುವಿನ ಒಂದು ದಿನ.

ಮನೆಯಲ್ಲಿ ಅರಳು ಹುರಿದಂತೆ ಮಾತಾಡಿ ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಮಾತೂ ಆಡದ ಮಕ್ಕಳಿದ್ದಾರೆ. ಹಠ ಎನ್ನುತ್ತಾರೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಅಂಜಿಕೆಯ ಕಾಯಿಲೆಗಳ ಸಾಲಿಗೆ ಸೇರಿಸಿದೆ. 2003ರಲ್ಲಿ ಜೆರುಸಲೇಮಿನ ಒಂದು ಅಧ್ಯಯನ ಇಂಥ ಮಕ್ಕಳನ್ನು ಎಣಿಸಿತು: ಒಟ್ಟಾರೆ ಶೇಕಡಾ 0.76, ವಲಸೆ ಬಂದ ಮನೆಗಳಲ್ಲಿ ಶೇಕಡಾ 2.2.

ಹೊಸ ಭಾಷೆಗೆ ಬಿದ್ದ ಮಗು ಕೆಲವು ತಿಂಗಳು ಕೇಳುತ್ತ ಸುಮ್ಮನಿರುವುದು ಸಹಜವೇ. ಎರಡು ಮೌನಗಳನ್ನು ಬೇರ್ಪಡಿಸಲು ಮೊದಲು ಕೇಳುವ ಪ್ರಶ್ನೆ: ಮನೆಮಾತು ಬಲ್ಲವರ ಜೊತೆ ಶಾಲೆಯೊಳಗೆ ಮಾತಾಡುತ್ತದೆಯೇ? ಈ ಪ್ರಶ್ನೆ ಕೇಳಲು ಶಾಲೆಯಲ್ಲಿ ಮನೆಮಾತು ಬಲ್ಲ ಒಬ್ಬರಾದರೂ ಬೇಕು. ಕನ್ನಡ ಸಂಘ ನಡೆಸುವ ಶಾಮರಾವ್ ಕಲ್ಮಾಡಿ ಕನ್ನಡ ಶಾಲೆಯಲ್ಲಿ ಇದ್ದಾರೆ. ಎಲ್ಲ ಕಡೆ ಇರುವುದಿಲ್ಲ.

*

ಹೋಟೆಲಿನಲ್ಲಿ ಮಾಣಿ ಮಗುವನ್ನು ಕೇಳುತ್ತಾನೆ: ಏನು ಬೇಕು? ಅಪ್ಪ ಹೇಳುತ್ತಾರೆ: ಅವನಿಗೆ ಸಾದಾ ದೋಸೆ.

*

ಯೇಲ್ ವಿಶ್ವವಿದ್ಯಾಲಯದ ಎಲೈ ಲೆಬೊವಿಟ್ಜ್ ಅವರ ಪ್ರಯೋಗ ಅಚ್ಚಾದದ್ದು 2020ರಲ್ಲಿ. 7ರಿಂದ 14 ವರ್ಷದ 124 ಮಕ್ಕಳು. ಅರ್ಧ ಮಕ್ಕಳಿಗೆ ಎಂದಿನ ಚಿಕಿತ್ಸೆ. ಇನ್ನರ್ಧದಲ್ಲಿ ಚಿಕಿತ್ಸೆಗೆ ಬಂದವರು ತಂದೆ-ತಾಯಿ. ಮಕ್ಕಳು ಚಿಕಿತ್ಸಕರ ಎದುರು ಕೂರಲೇ ಇಲ್ಲ. ದೊಡ್ಡವರು ಕಲಿತದ್ದು ಎರಡು: ‘ನಿನಗೆ ಕಷ್ಟವಾಗುತ್ತಿದೆ, ನಿನ್ನಿಂದ ಆಗುತ್ತದೆ’ ಎಂದು ಒಟ್ಟಿಗೆ ಹೇಳುವುದು. ಮಗುವಿನ ಪರವಾಗಿ ಉತ್ತರಿಸುವುದು, ಪಕ್ಕದಲ್ಲೇ ಮಲಗುವುದು, ಮತ್ತೆ ಮತ್ತೆ ಏನೂ ಆಗಲ್ಲ ಎನ್ನುವುದು, ಇವನ್ನು ಒಂದೊಂದಾಗಿ ಬಿಡುವುದು.

ಫಲದಲ್ಲಿ ಇದು ಎಂದಿನ ಚಿಕಿತ್ಸೆಗೆ ಕಡಿಮೆಯಾಗಲಿಲ್ಲ.

*

ಬಿಹಾರದ ನಳಂದ ಜಿಲ್ಲೆ, 74 ಶಾಲೆ. ಮಕ್ಕಳ ಮನಸ್ಸಿನ ಆರೋಗ್ಯದ ಒಂದು ಕಾರ್ಯಕ್ರಮ. ಕೆಲವು ಶಾಲೆಗಳಲ್ಲಿ ಊರಿನವರನ್ನೇ ತರಬೇತು ಮಾಡಿ ನಡೆಸಿದರು, ಕೆಲವು ಕಡೆ ಮೇಷ್ಟ್ರುಗಳೇ ನಡೆಸಿದರು. 2018ರ ವರದಿ: ಮೊದಲನೆಯ ಕಡೆ ಶಾಲೆಯ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆ ಇಳಿಯಿತು. ಎರಡನೆಯ ಕಡೆ ಬದಲಾವಣೆ ಕಾಣಲಿಲ್ಲ. ಕಾರ್ಯಕ್ರಮ ಒಂದೇ.

*

ದಿಲ್ಲಿಯ ಆರು ಸರ್ಕಾರಿ ಶಾಲೆಗಳು. ಗೋವಾದ ‘ಸಂಗಾತ್’ ಸಂಸ್ಥೆಯ ಪ್ರಯೋಗ, 2020ರಲ್ಲಿ ಪ್ರಕಟ. ಒಂಬತ್ತರಿಂದ ಹನ್ನೆರಡನೆಯ ತರಗತಿಯ 251 ಮಕ್ಕಳು. ಎಲ್ಲರಿಗೂ ಚಿತ್ರಕಥೆಯ ಪುಟ್ಟ ಪುಸ್ತಕ: ತೊಂದರೆ ಏನು, ದಾರಿಗಳು ಯಾವುವು, ಒಂದನ್ನು ಮಾಡಿ ನೋಡು. ಅರ್ಧ ಮಕ್ಕಳಿಗೆ ಅದರ ಜೊತೆ ಒಬ್ಬ ಸಮಾಲೋಚಕ. ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಶಾಲೆಯಲ್ಲೇ ಮೂರು ವಾರದಲ್ಲಿ ನಾಲ್ಕೈದು ಭೇಟಿ.

ಆರನೆಯ ವಾರದಲ್ಲಿ ಎರಡು ರೀತಿ ಅಳೆದರು. ಎಲ್ಲ ದೇಶಗಳಲ್ಲೂ ಬಳಸುವ ಸಿದ್ಧ ಪ್ರಶ್ನಾವಳಿ ಒಂದು. ತನಗೆ ಏನು ತೊಂದರೆ ಎಂದು ಪ್ರತಿ ಮಗು ತಾನೇ ಹೇಳಿದ ಪಟ್ಟಿ ಇನ್ನೊಂದು. ಸಿದ್ಧ ಪ್ರಶ್ನಾವಳಿಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಮಕ್ಕಳ ಪಟ್ಟಿಯಲ್ಲಿ ಸಿಕ್ಕಿತು. ಜೊತೆಗೆ ಒಬ್ಬರು ಕೂತು ಮಾತಾಡಿದ ಮಕ್ಕಳ ತೊಂದರೆ ಹೆಚ್ಚು ಇಳಿದಿತ್ತು. ಮಕ್ಕಳು ಅವರೇ, ವಾರವೂ ಅದೇ.